ಆಫೀಸ್ ಕಂಪ್ಯೂಟರಿನ ಪಾಸ್‌ವರ್ಡ್ ಗಡುವು: ಅದು ಯಾರ ಕೈಯಲ್ಲಿದೆ, ಬದಲಿಸುವುದು ಹೇಗೆ

ವಿಂಡೋಸ್ ಕಂಪ್ಯೂಟರಿನಲ್ಲಿ ಪಾಸ್‌ವರ್ಡಿನ ಆಯುಸ್ಸು 42 ದಿನ. ಯಾರೂ ಕೈಹಾಕದೆ ಬಿಟ್ಟರೆ ಮೈಕ್ರೋಸಾಫ್ಟ್ ಇಟ್ಟು ಕಳಿಸಿರುವ ಲೆಕ್ಕ ಅದು. ಕೊಡಗಿನ ಎಸ್ಟೇಟ್ ಆಫೀಸಿನಲ್ಲಿ ಜನವರಿ ಮೊದಲ ವಾರ, ರೊಬಸ್ಟಾ ಕೊಯ್ಲು ಹಿಡಿಯುವ ಹೊತ್ತಿಗೆ ಇಟ್ಟ ಪಾಸ್‌ವರ್ಡ್ ಕೊಯ್ಲು ಮುಗಿಯುವ ಮೊದಲೇ ತೀರಿಹೋಗುತ್ತದೆ. ತೀರುವುದು ಬಟವಾಡೆ ದಿನವೇ ಆದರೆ ಕೇಳುವುದೇ ಬೇಡ: ಹೊರಗೆ ಕೆಲಸದವರು ನಿಂತಿದ್ದಾರೆ, ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ) ಕಂಪ್ಯೂಟರಿನೊಳಗಿದೆ, ಎಸ್ಟೇಟಿನ ಗುಮಾಸ್ತರಾದ ರೈಟರ್ ಮುಂದೆ ಪರದೆ ಹೊಸ ಪಾಸ್‌ವರ್ಡ್ ಕೇಳುತ್ತಿದೆ. ಅಂಥ ಹೊತ್ತಿನಲ್ಲಿ ಯಾರೂ ಕೂತು ಯೋಚಿಸಿ ಗಟ್ಟಿ ಪಾಸ್‌ವರ್ಡ್ ಕಟ್ಟುವುದಿಲ್ಲ. ಹಳೆಯದರ ತುದಿಗೆ ಒಂದು ಅಂಕಿ ಸೇರಿಸಿ ಒಳಗೆ ಹೋಗುತ್ತಾರೆ. ನಾಳೆ ಮರೆಯದಿರಲೆಂದು ಅದನ್ನೇ ಕೀಬೋರ್ಡಿನ ಅಡಿ ಬರೆದಿಡುತ್ತಾರೆ.

ಸಹಕಾರ ಸಂಘದ ಕಚೇರಿಯಲ್ಲಿ, ಕುಶಾಲನಗರದ ಅಂಗಡಿಯಲ್ಲಿ, ಹೋಮ್‌ಸ್ಟೇ ನಡೆಸುವವರ ಮನೆಯಲ್ಲಿ, ವಿರಾಜಪೇಟೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರಲ್ಲಿ, ಎಲ್ಲೆಡೆ ಕೇಳಿಬರುವ ಪ್ರಶ್ನೆ ಒಂದೇ: ಈ ಗಡುವನ್ನು ತೆಗೆದುಹಾಕುವುದು ಹೇಗೆ? ತೆಗೆಯುವ ಗುಂಡಿ ಇದೆ, ಒಂದು ನಿಮಿಷದ ಕೆಲಸ. ಆದರೆ ಆ ಗುಂಡಿ ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಕಡೆ ಇಲ್ಲ. ಕೆಲವರ ಕೈಗೆ ಅದು ಸಿಗಲೂ ಬಾರದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಕಚೇರಿಗಳಲ್ಲಿ ಆರು ವಾರದ ಗಡುವಿನಿಂದ ಲಾಭಕ್ಕಿಂತ ಕೇಡೇ ಹೆಚ್ಚು, ತೆಗೆಯಬಹುದು. ಆದರೆ ಅದು ಮಾಡಬೇಕಿದ್ದ ಕಾವಲಿನ ಕೆಲಸವನ್ನು ಬೇರೆ ಯಾವುದಕ್ಕಾದರೂ ಒಪ್ಪಿಸಿದ ಮೇಲೆ ಮಾತ್ರ.

ಗಡುವಿನ ಲೆಕ್ಕ ನಡೆಯುವ ಬಗೆ

ವಿಂಡೋಸ್ ನಿಮ್ಮ ಪಾಸ್‌ವರ್ಡಿನ ಮುಂದೆ "ಇಂಥ ದಿನ ಮುಗಿಯುತ್ತದೆ" ಎಂದು ಬರೆದಿಟ್ಟುಕೊಳ್ಳುವುದಿಲ್ಲ. ಅದು ನೆನಪಿಡುವುದು ಕೊನೆಯ ಬಾರಿ ಬದಲಿಸಿದ ದಿನವನ್ನು ಮಾತ್ರ. ಲಾಗಿನ್ ಆದಾಗಲೆಲ್ಲ ಆ ದಿನಕ್ಕೆ ನಿಯಮದಲ್ಲಿರುವ ದಿನಗಳನ್ನು ಕೂಡಿಸಿ, ಇವತ್ತಿನ ತಾರೀಕಿನ ಜೊತೆ ಹೋಲಿಸಿ ತೀರ್ಮಾನಿಸುತ್ತದೆ. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಅರ್ಧ ಗೊಂದಲ ಇಲ್ಲೇ ಹುಟ್ಟುವುದು.

ನಿಯಮವನ್ನು 42ರಿಂದ 180ಕ್ಕೆ ಏರಿಸಿದರೆ ಆ ಕ್ಷಣದಿಂದಲೇ ಎಲ್ಲರ ಗಡುವು ಮುಂದಕ್ಕೆ ಹೋಗುತ್ತದೆ. ಪಾಸ್‌ವರ್ಡ್ ಹೊಸದಾಗಿ ಇಡಬೇಕಾಗಿಲ್ಲ. ತಿರುಗಿಸಿ ನೋಡಿ: 180 ಇದ್ದದ್ದನ್ನು ಯಾರೋ ಒಬ್ಬರು ಸೋಮವಾರ ಬೆಳಿಗ್ಗೆ 60ಕ್ಕೆ ಇಳಿಸಿದರು ಎಂದುಕೊಳ್ಳಿ. ಎರಡು ತಿಂಗಳಿಂದ ಪಾಸ್‌ವರ್ಡ್ ಮುಟ್ಟದವರೆಲ್ಲರದೂ ಒಟ್ಟಿಗೇ ತೀರಿಹೋಗುತ್ತದೆ. ಕೌಂಟರಿನಲ್ಲಿ ಜನ ನಿಂತಿರುವಾಗ ಇಡೀ ಕಚೇರಿ ಹೊಸ ಪಾಸ್‌ವರ್ಡ್ ಹುಡುಕುತ್ತ ಕೂರಬೇಕಾಗುತ್ತದೆ. ದಿನ ಇಳಿಸುವುದಿದ್ದರೆ ಮೊದಲು ಎಲ್ಲರಿಗೂ ತಿಳಿಸಿ, ಅವರವರು ಬದಲಿಸಿಕೊಂಡ ಮೇಲೆ ನಿಯಮ ಮುಟ್ಟಬೇಕು.

ತಾರೀಕನ್ನು ನಂಬಿ ನಡೆಯುವ ಲೆಕ್ಕವಾದ್ದರಿಂದ ಕಂಪ್ಯೂಟರಿನ ಗಡಿಯಾರ ಕೆಟ್ಟರೆ ಇದೂ ಕೆಡುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ ನಿಂತ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದು ಆಗುವುದುಂಟು. ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಅದನ್ನು ಗಮನಿಸದೆ ಆ ದಿನ ಪಾಸ್‌ವರ್ಡ್ ಬದಲಿಸಿದರೆ, ಮುಂದೆ ಇಂಟರ್ನೆಟ್ ಬಂದು ತಾರೀಕು ಸರಿಯಾದ ಕೂಡಲೇ ಆ ಹೊಸ ಪಾಸ್‌ವರ್ಡಿಗೆ ಹಲವು ವರ್ಷ ವಯಸ್ಸಾಗಿಬಿಡುತ್ತದೆ, ತೀರಿತು ಎಂದು ಪರದೆ ಹೇಳುತ್ತದೆ. ಬ್ಯಾಟರಿಯ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಗಡುವಿನ ಜೊತೆಗೆ ಇನ್ನೆರಡು ನಿಯಮ ಸೇರಿ ಕೆಲಸ ಮಾಡುತ್ತವೆ. ಒಂದು, ಹಳೆಯ ಪಾಸ್‌ವರ್ಡುಗಳ ನೆನಪು. ಹಿಂದಿನ 24ರವರೆಗೂ ನೆನಪಿಟ್ಟು, ಮತ್ತೆ ಅದನ್ನೇ ಇಡಲು ಬಿಡದಂತೆ ಮಾಡಬಹುದು. ಇನ್ನೊಂದು, ಕನಿಷ್ಠ ವಯಸ್ಸು. ಇವತ್ತು ಬದಲಿಸಿದ್ದನ್ನು ಇವತ್ತೇ ಮತ್ತೆ ಬದಲಿಸಲು ಬಿಡದಿರುವುದು ಅದರ ಕೆಲಸ. ಇದು ಏಕೆ ಬೇಕು? ನೆನಪಿನ ನಿಯಮ ಮಾತ್ರ ಇದ್ದರೆ, ಹಠ ಹಿಡಿದವರು ಒಂದೇ ಮಧ್ಯಾಹ್ನ ಇಪ್ಪತ್ತನಾಲ್ಕು ಸಲ ಬದಲಿಸಿ ತಮ್ಮ ಹಳೆಯ ಪಾಸ್‌ವರ್ಡಿಗೇ ಮರಳಬಹುದು. ಕನಿಷ್ಠ ಒಂದು ದಿನ ಎಂದು ಹಾಕಿದರೆ ಆ ದಾರಿ ಮುಚ್ಚುತ್ತದೆ. ಕಂಪನಿಯ ಸರ್ವರ್‌ಗಳಲ್ಲಿ ಈ ಎರಡೂ ಮೊದಲಿಂದಲೇ ಜಾರಿಯಲ್ಲಿರುತ್ತವೆ, ಒಂಟಿ ಕಂಪ್ಯೂಟರಿನಲ್ಲಿ ಎರಡೂ ಸೊನ್ನೆಯಲ್ಲಿರುತ್ತವೆ. ಬೆಳಿಗ್ಗೆ ಬದಲಿಸಿದ ಪಾಸ್‌ವರ್ಡ್ ಇಷ್ಟವಾಗದೆ ಸಂಜೆ ಮತ್ತೆ ಬದಲಿಸಹೊರಟಾಗ "ನಿಯಮಕ್ಕೆ ಹೊಂದುತ್ತಿಲ್ಲ" ಎಂಬ ಸಂದೇಶ ಬಂದರೆ ಕಾರಣ ಇದೇ. ನಿಮ್ಮ ಹೊಸ ಪಾಸ್‌ವರ್ಡಿನಲ್ಲಿ ಏನೂ ಕೊರತೆ ಇರಲಾರದು, ನಾಳೆ ಪ್ರಯತ್ನಿಸಿದರೆ ತೆಗೆದುಕೊಳ್ಳುತ್ತದೆ.

ಖಾತೆ ಯಾವುದು ಎಂದು ಮೊದಲು ನೋಡಿ

ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್ ಒಳಗೆ ಹೋಗಿ. ಅಲ್ಲಿ "ಯುವರ್ ಇನ್ಫೋ" ಎಂಬಲ್ಲಿ ನಿಮ್ಮ ಹೆಸರಿನ ಕೆಳಗೆ "ಲೋಕಲ್ ಅಕೌಂಟ್" ಎಂದಿದ್ದರೆ ಪಾಸ್‌ವರ್ಡ್ ಆ ಯಂತ್ರದೊಳಗೇ ಇದೆ, ಗಡುವೂ ಅಲ್ಲೇ ಇದೆ, ಅಡ್ಮಿನ್ ಹಕ್ಕು ಇರುವವರು ಬದಲಿಸಬಹುದು. ಇಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಖಾತೆ. ಅದರ ಪಾಸ್‌ವರ್ಡ್ ಇಂಟರ್ನೆಟ್ಟಿನಲ್ಲಿದೆ, ಯಂತ್ರದ 42 ದಿನದ ನಿಯಮ ಅದಕ್ಕೆ ತಾಗುವುದಿಲ್ಲ. ಮೂರನೆಯದು "ಆಕ್ಸೆಸ್ ವರ್ಕ್ ಆರ್ ಸ್ಕೂಲ್" ಎಂಬಲ್ಲಿ ಕಾಣುತ್ತದೆ. ಅಲ್ಲಿ ಕಂಪನಿಯ ಹೆಸರು ಜೋಡಣೆಯಾಗಿದ್ದರೆ ಗಡಿಯಾರ ಇರುವುದು ಕಂಪನಿಯ ಸರ್ವರಿನಲ್ಲಿ. ಮಡಿಕೇರಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಏನು ತಿರುಗಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಹೊರಗಿನಿಂದ ಅಡ್ಡದಾರಿ ಹುಡುಕುವುದು ಬೇಡ. ಕಂಪನಿಯ ನಿಯಮ ಮುರಿದ ಲೆಕ್ಕವಾಗುತ್ತದೆ, ಫಲವೂ ಇಲ್ಲ. ಐಟಿಯವರಿಗೆ ಹೇಳುವುದೇ ದಾರಿ.

ಲೋಕಲ್ ಅಕೌಂಟ್ ಇರುವವರು ಮೊದಲು ಈಗಿನ ಸ್ಥಿತಿ ನೋಡಿಕೊಳ್ಳಬೇಕು. ಸ್ಟಾರ್ಟ್ ಒತ್ತಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನೆಟ್, ಒಂದು ಜಾಗ ಬಿಟ್ಟು ಯೂಸರ್, ಮತ್ತೆ ಜಾಗ ಬಿಟ್ಟು ಖಾತೆಯ ಹೆಸರು ಬರೆದು ಎಂಟರ್ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ "ಪಾಸ್‌ವರ್ಡ್ ಎಕ್ಸ್‌ಪೈರ್ಸ್" ಎಂಬ ಸಾಲಿನ ಮುಂದೆ ತಾರೀಕು ಇರುತ್ತದೆ, ಇಲ್ಲವೇ "ನೆವರ್" ಎಂದಿರುತ್ತದೆ. ಒಂದೇ ಯಂತ್ರದಲ್ಲಿ ಕಾರ್ಯದರ್ಶಿಯವರ ಖಾತೆ ಎಂದೂ ತೀರದೆ, ಗುಮಾಸ್ತರದು ಮಾತ್ರ ಆರು ವಾರಕ್ಕೊಮ್ಮೆ ತೀರುವುದುಂಟು. ಖಾತೆ ತೆರೆಯುವಾಗ ಯಾವ ದಾರಿಯಲ್ಲಿ ತೆರೆದರು ಎಂಬುದರ ಮೇಲೆ "ಎಂದೂ ತೀರದು" ಎಂಬ ಟಿಕ್ ಬಿದ್ದಿರುತ್ತದೆ ಅಥವಾ ಬಿದ್ದಿರುವುದಿಲ್ಲ.

ವಿಂಡೋಸ್ ಪ್ರೊ ಇರುವ ಯಂತ್ರದಲ್ಲಿ ಒಬ್ಬರ ಖಾತೆಯನ್ನಷ್ಟೇ ಬದಲಿಸುವುದು ಸುಲಭ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್, ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಅದರೊಳಗೆ ಲೋಕಲ್ ಯೂಸರ್ಸ್ ಆಂಡ್ ಗ್ರೂಪ್ಸ್, ಯೂಸರ್ಸ್. ಖಾತೆಯ ಹೆಸರಿನ ಮೇಲೆ ಎರಡು ಸಲ ಒತ್ತಿದರೆ "ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್" ಎಂಬ ಚೌಕ ಕಾಣುತ್ತದೆ. ಇಡೀ ಯಂತ್ರಕ್ಕೆ ಒಂದೇ ನಿಯಮ ಬೇಕಿದ್ದರೆ ಲೋಕಲ್ ಸೆಕ್ಯುರಿಟಿ ಪಾಲಿಸಿ ಎಂದು ಹುಡುಕಿ, ಅಕೌಂಟ್ ಪಾಲಿಸೀಸ್, ಪಾಸ್‌ವರ್ಡ್ ಪಾಲಿಸಿ. ಅಲ್ಲಿ ಮ್ಯಾಕ್ಸಿಮಮ್ ಪಾಸ್‌ವರ್ಡ್ ಏಜ್ ಎಂಬುದೇ ಗಡುವು. 1ರಿಂದ 999 ದಿನದವರೆಗೆ ಹಾಕಬಹುದು. ಸೊನ್ನೆ ಹಾಕಿದರೆ ಎಂದೂ ತೀರುವುದಿಲ್ಲ. ಸೊನ್ನೆ ಎಂದರೆ ಕೂಡಲೇ ತೀರುತ್ತದೆ ಎಂದು ಹೆದರುವವರಿದ್ದಾರೆ, ಹಾಗಿಲ್ಲ.

ಹೋಮ್ ಆವೃತ್ತಿಯಲ್ಲಿ ಈ ಎರಡೂ ಪುಟಗಳಿಲ್ಲ. ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಅಲ್ಲಿ ಕಮಾಂಡ್ ಪ್ರಾಂಪ್ಟೇ ಗತಿ. ನೆಟ್, ಜಾಗ, ಅಕೌಂಟ್ಸ್ ಎಂದು ಬರೆದರೆ ಈಗಿನ ನಿಯಮ ತೋರಿಸುತ್ತದೆ. ಅದರ ಮುಂದೆ ಜಾಗ ಬಿಟ್ಟು ಒಂದು ಓರೆಗೆರೆ (/), ಅದಕ್ಕೆ ತಾಗಿಕೊಂಡೇ ಎಂ, ಎ, ಎಕ್ಸ್, ಪಿ, ಡಬ್ಲ್ಯು, ಎ, ಜಿ, ಇ ಅಕ್ಷರಗಳು, ಬಳಿಕ ಕೋಲನ್, ಬಳಿಕ ದಿನಗಳ ಸಂಖ್ಯೆ. ನಡುವೆ ಎಲ್ಲೂ ಜಾಗ ಬಿಡಬಾರದು. ಸಂಖ್ಯೆಯ ಬದಲು ಅನ್‌ಲಿಮಿಟೆಡ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಗಡುವು ಹೋಗುತ್ತದೆ.

ಮೈಕ್ರೋಸಾಫ್ಟ್ ಖಾತೆಯ ವಿಷಯ ಒಂದೇ ಮಾತಿನದು: ಅದರ ಪಾಸ್‌ವರ್ಡ್ ಬದಲಿಸುವ ಪುಟದಲ್ಲಿ 72 ದಿನಕ್ಕೊಮ್ಮೆ ಬದಲಿಸುವಂತೆ ನೆನಪಿಸು ಎಂಬ ಟಿಕ್ ಇದೆ, ನೀವೇ ಹಾಕಿಕೊಂಡಿದ್ದರೆ ಮಾತ್ರ ಗಡುವು ಬರುತ್ತದೆ. ಕಚೇರಿಗೆ ಮೈಕ್ರೋಸಾಫ್ಟ್ 365 ತೆಗೆದುಕೊಂಡಿರುವವರಲ್ಲಿ ಅಡ್ಮಿನ್ ಆದವರು ಅಡ್ಮಿನ್ ಸೆಂಟರಿನ ಆರ್ಗ್ ಸೆಟ್ಟಿಂಗ್ಸ್‌ನಲ್ಲಿ, ಸೆಕ್ಯುರಿಟಿ ಆಂಡ್ ಪ್ರೈವಸಿ ಎಂಬಲ್ಲಿ ಇದನ್ನು ನೋಡಬಹುದು. ಎಂದೂ ತೀರದಂತೆ ಇಡುವುದನ್ನೇ ಮೈಕ್ರೋಸಾಫ್ಟ್ ಅಲ್ಲಿ ಸಲಹೆ ಮಾಡುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪಾಸ್‌ವರ್ಡ್ ಬದಲಿಸುವುದು ಬೇರೆ, ರೀಸೆಟ್ ಮಾಡುವುದು ಬೇರೆ. ಹಳೆಯದನ್ನು ಕೊಟ್ಟು ಹೊಸದನ್ನು ಇಟ್ಟರೆ ಒಳಗಿನ ಎಲ್ಲವೂ ಹಾಗೇ ಉಳಿಯುತ್ತದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಬದಲಿಸುವುದು ಈ ಬಗೆಯದು. ಹಳೆಯದು ಮರೆತುಹೋಗಿ ಅಡ್ಮಿನ್ ಬಲವಂತದಿಂದ ಹೊಸದನ್ನು ಹಾಕಿದರೆ, ಲೋಕಲ್ ಅಕೌಂಟಿನಲ್ಲಿ ವಿಂಡೋಸ್ ಉಳಿಸಿಟ್ಟಿದ್ದ ಪಾಸ್‌ವರ್ಡುಗಳು ಮತ್ತು ಆ ಖಾತೆಯ ಹೆಸರಿನಲ್ಲಿ ಎನ್‌ಕ್ರಿಪ್ಟ್ ಮಾಡಿದ ಕಡತಗಳು ಕೈತಪ್ಪಬಹುದು. ಪಿನ್ ಹಾಕಿಯೇ ದಿನವೂ ಒಳಹೋಗುವವರಿಗೆ ಈ ಅಪಾಯ ಹೆಚ್ಚು. ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ವರ್ಷವಿಡೀ ಪಿನ್ ಒತ್ತಿದವರಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ.

ಗಡುವಿನ ನಿಯಮ ಬಂದದ್ದು, ಈಗ ಹೋಗುತ್ತಿರುವುದು

ಗಡುವಿನ ಹಿಂದಿದ್ದ ಯೋಚನೆ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಕಂಪ್ಯೂಟರ್ ಪಾಸ್‌ವರ್ಡನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ, ಗಣಿತದಿಂದ ಅರೆದು ಗುರುತು ಹತ್ತದಂತೆ ಮಾಡಿ ಇಡುತ್ತದೆ. ಕಳ್ಳ ಆ ಪುಡಿಯನ್ನು ಕದ್ದರೂ ಮೂಲ ಪದ ಕಂಡುಹಿಡಿಯಲು ಒಂದೊಂದಾಗಿ ಊಹಿಸುತ್ತ ಹೋಗಬೇಕು. ಅದಕ್ಕೆ ತಿಂಗಳುಗಳೇ ಬೇಕಾಗುತ್ತಿದ್ದ ದಿನಗಳಲ್ಲಿ, ಅವನು ಕಂಡುಹಿಡಿಯುವಷ್ಟರಲ್ಲಿ ಪಾಸ್‌ವರ್ಡ್ ಬದಲಾಗಿರಲಿ ಎಂಬುದು ಲೆಕ್ಕ. ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲೇ ಪಾಸ್‌ವರ್ಡ್ ನಿರ್ವಹಣೆಗೊಂದು ಮಾರ್ಗದರ್ಶಿ ತಂದು ಆಯುಸ್ಸಿನ ಈ ಲೆಕ್ಕವನ್ನು ವಿವರಿಸಿತ್ತು. ಈಗಿನ ಯಂತ್ರಗಳು ಚಿಕ್ಕ ಪಾಸ್‌ವರ್ಡನ್ನು ನೋಡನೋಡುತ್ತ ಒಡೆಯುತ್ತವೆ. ಜೊತೆಗೆ, ಈಗಿನ ಕಳ್ಳ ಕಾಯುವುದಿಲ್ಲ. ನಕಲಿ ಬ್ಯಾಂಕ್ ಪುಟದಲ್ಲಿ ನೀವು ಬೆಳಿಗ್ಗೆ ಹತ್ತಕ್ಕೆ ಪಾಸ್‌ವರ್ಡ್ ಹಾಕಿದರೆ ಹತ್ತೂಕಾಲಕ್ಕೆ ಅವನು ಬಳಸಿ ಮುಗಿಸಿರುತ್ತಾನೆ. ಆರು ವಾರದ ಬಳಿಕ ಬದಲಿಸಿ ಏನು ಬಂತು?

ಗಡುವಿಗೆ ಸಿಕ್ಕಿದ ಜನ ಏನು ಮಾಡುತ್ತಾರೆ ಎಂಬುದನ್ನು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಸಂಶೋಧಕರು 2010ರಲ್ಲಿ ಅಳೆದು ತೋರಿಸಿದರು. ಯಿಂಚಿಯನ್ ಝಾಂಗ್, ಫೇಬಿಯನ್ ಮನ್ರೋಸ್, ಮೈಕೆಲ್ ರೈಟರ್ ಎಂಬ ಮೂವರು ಮೂರು ತಿಂಗಳಿಗೊಮ್ಮೆ ಬದಲಿಸಬೇಕಿದ್ದ 7,700ಕ್ಕೂ ಹೆಚ್ಚು ಹಳೆಯ ಖಾತೆಗಳನ್ನು ತೆಗೆದುಕೊಂಡರು. ಒಬ್ಬರ ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ, ಶೇ. 17ರಷ್ಟು ಖಾತೆಗಳಲ್ಲಿ ಮುಂದಿನದನ್ನು ಐದಕ್ಕಿಂತ ಕಡಿಮೆ ಊಹೆಯಲ್ಲಿ ಹೇಳಬಹುದಿತ್ತು. ಶೇ. 41ರಷ್ಟನ್ನು ಕಂಪ್ಯೂಟರ್ ಮೂರು ಸೆಕೆಂಡಿನೊಳಗೆ ಕಂಡುಹಿಡಿಯಿತು. ಕಾರಣ ಊಹಿಸುವುದು ಕಷ್ಟವಲ್ಲ: ಒಂದು ಎರಡಾಗುತ್ತದೆ, ಎರಡು ಮೂರಾಗುತ್ತದೆ, ಚಿಕ್ಕ ಅಕ್ಷರ ದೊಡ್ಡದಾಗುತ್ತದೆ. ನಮ್ಮಲ್ಲಿ ಕಾವೇರಿ, ಪುತ್ತರಿ, ಮನೆತನದ ಹೆಸರು, ಜೀಪಿನ ಕೆಎ 12 ನಂಬರು, ಮಗುವಿನ ಹುಟ್ಟಿದ ವರ್ಷ. ಇವುಗಳ ಮುಂದೆ ಒಂದು ಚಿಹ್ನೆ, ಒಂದು ಅಂಕಿ. ಕೊಡಗಿನವರ ಪಾಸ್‌ವರ್ಡ್ ಒಡೆಯಬೇಕೆಂದಿರುವ ಯಾರಿಗಾದರೂ ಮೊದಲು ಹೊಳೆಯುವುದು ಇವೇ ಪದಗಳು.

2003ರಲ್ಲಿ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ಗೆ ಪಾಸ್‌ವರ್ಡ್ ಸಲಹೆಗಳನ್ನು ಬರೆದುಕೊಟ್ಟವರು ಬಿಲ್ ಬರ್. ಅಂಕಿ, ಚಿಹ್ನೆ, ಆಗಾಗ ಬದಲಾವಣೆ ಎಂಬ ಪಾಠ ಜಗತ್ತಿಗೆಲ್ಲ ಹರಡಿದ್ದು ಬಹುಪಾಲು ಅಲ್ಲಿಂದ. 2017ರಲ್ಲಿ ಅವರೇ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮುಂದೆ ಅದರ ಬಗ್ಗೆ ವಿಷಾದ ಹೇಳಿಕೊಂಡರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗದರ್ಶಿ ಬದಲಿಸಿ, ಸುಮ್ಮಸುಮ್ಮನೆ ಅವಧಿ ಹಾಕಿ ಬದಲಿಸಹೇಳುವುದು ಬೇಡ, ಸೋರಿದ ಸುಳಿವು ಸಿಕ್ಕಾಗ ಬದಲಿಸಹೇಳಿ ಎಂದಿತು. 2025ರ ಪರಿಷ್ಕರಣೆಯಲ್ಲಿ ಆ ಮಾತು ಇನ್ನೂ ಖಡಕ್ಕಾಯಿತು: ಹಾಗೆ ಮಾಡಕೂಡದು. ಬ್ರಿಟನ್ನಿನ ಸೈಬರ್ ಭದ್ರತಾ ಕೇಂದ್ರ ಇದನ್ನೇ ಹೇಳುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಕಂಪನಿಗಳಿಗೆ ಕೊಡುವ ವಿಂಡೋಸ್ ಭದ್ರತಾ ಶಿಫಾರಸಿನಿಂದ ಗಡುವನ್ನು ಕೈಬಿಟ್ಟಿತು. ಆದರೂ ವಿಂಡೋಸ್ ಒಳಗೆ 42 ಹಾಗೇ ಕೂತಿದೆ.

ಹಾಗೆಂದು ಎಲ್ಲರೂ ತೆಗೆಯಲು ಬರುವುದಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ತನ್ನ ನೌಕರರಿಗೆ ಕೊಟ್ಟ ಸೈಬರ್ ಭದ್ರತಾ ಸೂಚನೆಯಲ್ಲಿ 45 ದಿನಕ್ಕೊಮ್ಮೆಯಾದರೂ ಪಾಸ್‌ವರ್ಡ್ ಬದಲಿಸಬೇಕು ಎಂದಿದೆ. ಕಾರ್ಡ್ ಪಾವತಿಯ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಗಳಿಗೆ ಅನ್ವಯವಾಗುವ ಅಂತಾರಾಷ್ಟ್ರೀಯ ನಿಯಮದಲ್ಲಿ, ಒಳಹೋಗಲು ಪಾಸ್‌ವರ್ಡ್ ಒಂದೇ ಇದ್ದರೆ 90 ದಿನದ ಗಡುವು ಇದೆ. ಒಟಿಪಿಯಂಥ ಎರಡನೆಯ ಹಂತ ಇದ್ದರೆ ಅದು ಸಡಿಲವಾಗುತ್ತದೆ. ನಿಮ್ಮ ಕಚೇರಿಗೆ ಮೇಲಿನಿಂದ ಯಾವ ಆದೇಶ ಇದೆ, ಲೆಕ್ಕಪರಿಶೋಧಕರು ಏನು ಕೇಳುತ್ತಾರೆ ಎಂದು ವಿಚಾರಿಸಿಕೊಂಡೇ ಸೆಟ್ಟಿಂಗ್ ಮುಟ್ಟಬೇಕು. ನಿಯಮ ಹಳತಾಗಿದ್ದರೂ ಜಾರಿಯಲ್ಲಿರುವವರೆಗೆ ಅದು ನಿಯಮವೇ.

ಮಳೆಗಾಲದಲ್ಲಿ ಕಂಪನಿ ಲ್ಯಾಪ್‌ಟಾಪ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಿಂದ ಕೆಲಸ ಮಾಡುವವರ ಕಷ್ಟವೇ ಬೇರೆ. ಮರ ಬಿದ್ದು ಲೈನ್ ಹೋಗುತ್ತದೆ, ಡೀಸೆಲ್ ಮುಗಿದು ಟವರ್ ನಿಲ್ಲುತ್ತದೆ, ಭಾಗಮಂಡಲ ಕಡೆಯ ಹಳ್ಳಿಗಳಲ್ಲಿ ನಾಲ್ಕೈದು ದಿನ ಹೊರಜಗತ್ತಿನ ಸುದ್ದಿಯೇ ಇರುವುದಿಲ್ಲ. ವಿಂಡೋಸ್ ಗಡುವಿನ ಎಚ್ಚರಿಕೆ ಕೊಡಲು ಶುರುಮಾಡುವುದು ಸಾಮಾನ್ಯವಾಗಿ ಐದು ದಿನ ಮೊದಲು. ಆ ಐದೂ ದಿನ ನೀವು ಸಂಪರ್ಕದಲ್ಲಿಲ್ಲದಿದ್ದರೆ?

ಲ್ಯಾಪ್‌ಟಾಪ್ ತೆರೆಯುತ್ತದೆ. ಹೆದರಬೇಕಾಗಿಲ್ಲ. ಕಂಪನಿಯ ಸರ್ವರ್ ಸಿಗದಿದ್ದಾಗ ವಿಂಡೋಸ್ ಹಿಂದಿನ ಸಲ ನೀವು ಯಶಸ್ವಿಯಾಗಿ ಒಳಬಂದ ಗುರುತನ್ನು ತನ್ನಲ್ಲೇ ಇಟ್ಟುಕೊಂಡಿದ್ದು, ಅದನ್ನೇ ನೋಡಿ ಒಳಬಿಡುತ್ತದೆ. ಈ ಸೆಟ್ಟಿಂಗಿನಲ್ಲಿ 10 ಎಂಬ ಸಂಖ್ಯೆ ಇರುವುದರಿಂದ ಹತ್ತು ಸಲ ಮಾತ್ರ ಒಳಹೋಗಬಹುದು ಎಂದು ಹಲವರು ತಿಳಿದಿದ್ದಾರೆ. ಅದು ಹತ್ತು ಸಲ ಎಂದಲ್ಲ, ಹತ್ತು ಜನರ ಗುರುತು ಎಂದು. ಗಡುವು ಮೀರಿದ್ದರೂ ಹಳೆಯ ಪಾಸ್‌ವರ್ಡಿನಿಂದ ಒಳಹೋಗಬಹುದು, ಏಕೆಂದರೆ ತೀರಿದ ಸಂಗತಿ ಸರ್ವರಿಗೆ ಗೊತ್ತು, ಲ್ಯಾಪ್‌ಟಾಪಿಗೆ ಇನ್ನೂ ಗೊತ್ತಿಲ್ಲ.

ತೊಡಕು ಶುರುವಾಗುವುದು ಲೈನ್ ಬಂದ ಮೇಲೆ. ವಿಪಿಎನ್ (ಮನೆಯಿಂದ ಕಂಪನಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಹಾಕಹೋದರೆ ಸರ್ವರ್ ತೀರಿದ ಪಾಸ್‌ವರ್ಡನ್ನು ಒಪ್ಪುವುದಿಲ್ಲ. ಪಾಸ್‌ವರ್ಡ್ ಬದಲಿಸೋಣವೆಂದರೆ ಅದಕ್ಕೆ ವಿಪಿಎನ್ ಬೇಕು. ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದರೆ ಅವರು ಹೊಸ ಪಾಸ್‌ವರ್ಡ್ ಕೊಡುತ್ತಾರೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ತಪ್ಪು ಎನ್ನುತ್ತದೆ, ಏಕೆಂದರೆ ಅದು ಸರ್ವರಿನ ಹೊಸ ಪಾಸ್‌ವರ್ಡ್, ಲ್ಯಾಪ್‌ಟಾಪ್ ಇನ್ನೂ ಹಳೆಯದರಲ್ಲೇ ಇದೆ. ಇಲ್ಲಿ ಕ್ರಮ ಮುಖ್ಯ. ಹಳೆಯ ಪಾಸ್‌ವರ್ಡಿನಿಂದ ಲ್ಯಾಪ್‌ಟಾಪ್ ತೆರೆಯಿರಿ. ಇಂಟರ್ನೆಟ್ ಹಿಡಿಯಿರಿ. ವಿಪಿಎನ್‌ಗೆ ಹೆಲ್ಪ್‌ಡೆಸ್ಕ್ ಕೊಟ್ಟ ಹೊಸದನ್ನು ಹಾಕಿ. ಸಂಪರ್ಕ ನಿಂತ ಮೇಲೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಪರದೆಗೆ ಲಾಕ್ ಹಾಕಿ, ಹೊಸ ಪಾಸ್‌ವರ್ಡಿನಿಂದ ತೆರೆಯಿರಿ. ಆಗ ಲ್ಯಾಪ್‌ಟಾಪ್ ಹೊಸದನ್ನು ಕಲಿಯುತ್ತದೆ. ವಿಪಿಎನ್ ಇಲ್ಲದೆ ನೇರ ಮೈಕ್ರೋಸಾಫ್ಟ್ ಕ್ಲೌಡಿಗೆ ಜೋಡಿಸಿದ ಲ್ಯಾಪ್‌ಟಾಪ್ ಆದರೆ ಇಷ್ಟು ಸುತ್ತಾಟ ಇಲ್ಲ, ಇಂಟರ್ನೆಟ್ ಇದ್ದರೆ ಸಾಕು.

ಇದಾದ ಮೇಲೂ ಅರ್ಧ ಗಂಟೆಗೊಮ್ಮೆ ಖಾತೆ ಲಾಕ್ ಆಗುತ್ತಿದ್ದರೆ ನಿಮ್ಮ ಮೊಬೈಲ್ ನೋಡಿ. ಅದರಲ್ಲಿರುವ ಆಫೀಸ್ ಮೇಲ್ ಹಳೆಯ ಪಾಸ್‌ವರ್ಡಿನಿಂದ ಬಾಗಿಲು ಬಡಿಯುತ್ತಲೇ ಇರುತ್ತದೆ. ತಪ್ಪು ಪ್ರಯತ್ನ ಹೆಚ್ಚಾಯಿತೆಂದು ಸರ್ವರ್ ಖಾತೆಗೇ ಬೀಗ ಹಾಕುತ್ತದೆ.

ಇದನ್ನೆಲ್ಲ ತಪ್ಪಿಸಲು ಸುಲಭದ ದಾರಿ ಇದೆ. ಗಡುವಿಗೆ ಕಾಯಬೇಕೆಂದು ಎಲ್ಲೂ ಇಲ್ಲ. ಮೇ ಕೊನೆಯ ವಾರ ನೀವಾಗಿಯೇ ಬದಲಿಸಿಬಿಟ್ಟರೆ ಲೆಕ್ಕ ಅಂದಿನಿಂದ ಹೊಸದಾಗಿ ಶುರುವಾಗುತ್ತದೆ. 90 ದಿನದ ನಿಯಮವಿದ್ದರೆ ಮಳೆಯ ಜೋರಿನ ಜುಲೈ ದಾಟಿ, ಗಡುವು ಆಗಸ್ಟ್ ಕೊನೆಯ ಹೊತ್ತಿಗೆ ಹೋಗುತ್ತದೆ. ಗಡುವು ಎಂದು ಎಂಬುದನ್ನು ತಿಳಿಯಲು ಮೊದಲು ಹೇಳಿದ ನೆಟ್ ಯೂಸರ್ ಆಜ್ಞೆಯ ಕೊನೆಗೆ ಜಾಗ ಬಿಟ್ಟು ಓರೆಗೆರೆ ಹಾಕಿ ಡೊಮೇನ್ ಎಂದು ಸೇರಿಸಬೇಕು. ಕಂಪನಿಯ ಜಾಲದಲ್ಲಿರುವಾಗ ಮಾತ್ರ ಅದು ಉತ್ತರ ಕೊಡುತ್ತದೆ.

ಗಡುವು ತೆಗೆದ ಜಾಗದಲ್ಲಿ

ಮೊದಲನೆಯದು ಉದ್ದ. ಪಾಸ್‌ವರ್ಡ್ ಒಂದನ್ನೇ ನಂಬಿರುವ ಕಡೆ ಕನಿಷ್ಠ 15 ಅಕ್ಷರ ಎನ್ನುತ್ತದೆ ನಿಸ್ಟ್‌ನ ಹೊಸ ಮಾರ್ಗದರ್ಶಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದರೆ ಇದು ಸುಲಭ. ಏಣಿ, ಸೂಜಿ, ಹಲಸು, ಶುಕ್ರವಾರ ಎಂಬಂತೆ. ಇಲ್ಲಿ ಬರೆದಿರುವುದನ್ನೇ ಇಡಬೇಡಿ. ಗಾದೆ, ಹಾಡಿನ ಸಾಲು ಬೇಡ. ಅವು ಎಲ್ಲರಿಗೂ ಗೊತ್ತಿರುವಂಥವು. ಹೊಸ ಪಾಸ್‌ವರ್ಡ್ ಹಾಕುವಾಗ ಪರದೆಯ ಮೂಲೆಯಲ್ಲಿ ಭಾಷೆ ಇಂಗ್ಲಿಷಿನಲ್ಲೇ ಇದೆಯೇ ಎಂದು ನೋಡಿಕೊಳ್ಳಿ. ಕನ್ನಡ ಟೈಪಿಂಗ್ ನಡೆಯುವ ಕಚೇರಿಗಳಲ್ಲಿ ಕೀಲಿಮಣೆ ಕನ್ನಡದಲ್ಲಿದ್ದಾಗಲೇ ಪಾಸ್‌ವರ್ಡ್ ಇಟ್ಟು, ಚುಕ್ಕೆಗಳ ಮರೆಯಲ್ಲಿ ಏನು ಬಿತ್ತೆಂದು ತಿಳಿಯದೆ ಪರದಾಡುವ ಸಂದರ್ಭಗಳು ಬರುತ್ತವೆ.

ಎರಡನೆಯದು ಮೇಲ್, ಬ್ಯಾಂಕ್, ಟ್ಯಾಲಿ, ಕಂಪ್ಯೂಟರ್ ಎಲ್ಲಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಇಷ್ಟೆಲ್ಲ ನೆನಪಿಡಲಾಗದು ಎಂಬುದು ನಿಜ. ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ. ಅದು ಬೇಡವೆನಿಸಿದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ರಷ್ಯಾದಲ್ಲೋ ಜಾಮ್ತಾರಾದಲ್ಲೋ ಕೂತ ಕಳ್ಳನಿಗೆ ಪೊನ್ನಂಪೇಟೆಯ ಬೀರು ಎಟುಕುವುದಿಲ್ಲ. ಕೀಬೋರ್ಡಿನ ಅಡಿಯ ಚೀಟಿ ಮಾತ್ರ ಬಂದುಹೋಗುವ ಎಲ್ಲರಿಗೂ ಎಟುಕುತ್ತದೆ.

ಮೂರನೆಯದು ಎರಡನೆಯ ಹಂತ. ಮೇಲ್‌ಗೆ, ಮೈಕ್ರೋಸಾಫ್ಟ್ ಅಥವಾ ಗೂಗಲ್ ಖಾತೆಗೆ ಇದು ಇರಲೇಬೇಕು. ಎಸ್‌ಎಂಎಸ್ ಒಟಿಪಿ ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಬರುವುದಿಲ್ಲ. ಅಥೆಂಟಿಕೇಟರ್ ಆ್ಯಪ್ ಕೊಡುವ ಆರಂಕಿ ಸಂಖ್ಯೆಗೆ ಸಿಗ್ನಲ್ ಬೇಡ, ಫೋನಿನ ಸಮಯ ಸರಿಯಿದ್ದರೆ ಸಾಕು. ನಮ್ಮ ಕಡೆಗೆ ಅದೇ ಸರಿ.

ಗಡುವಿಗಿಂತ ಹೆಚ್ಚು ಕೆಲಸಕ್ಕೆ ಬರುವ ಇನ್ನೊಂದು ಸೆಟ್ಟಿಂಗ್ ಇದೆ, ಯಾರೂ ಬಳಸುವುದಿಲ್ಲ. ಪಾಸ್‌ವರ್ಡ್ ತೀರುವುದು ಬೇರೆ, ಖಾತೆಯೇ ತೀರುವುದು ಬೇರೆ. ಕೊಯ್ಲಿನ ಕಾಲಕ್ಕೆಂದು ಮೂರು ತಿಂಗಳಿಗೆ ಬಂದ ಗುಮಾಸ್ತರಿಗೆ ಬೇರೆ ಖಾತೆ ತೆರೆದು, ಅದು ಮಾರ್ಚ್ 31ಕ್ಕೆ ಮುಗಿಯುವಂತೆ ತಾರೀಕು ಹಾಕಬಹುದು. ನೆಟ್ ಯೂಸರ್ ಆಜ್ಞೆಯಲ್ಲೇ ಅದಕ್ಕೆ ಎಕ್ಸ್‌ಪೈರ್ಸ್ ಎಂಬ ಆಯ್ಕೆ ಇದೆ. ಆ ದಿನದ ಬಳಿಕ ಸರಿಯಾದ ಪಾಸ್‌ವರ್ಡ್ ಹಾಕಿದರೂ ಬಾಗಿಲು ತೆರೆಯದು. ನಾಲ್ಕು ಜನ ಒಂದೇ ಖಾತೆಯಲ್ಲಿ ಕೂರುವ ಕಚೇರಿಯಲ್ಲಿ ಇದು ಆಗದು. ಅಲ್ಲಿ ಒಬ್ಬರು ಕೆಲಸ ಬಿಟ್ಟಾಗಲೆಲ್ಲ ಉಳಿದವರ ಪಾಸ್‌ವರ್ಡೂ ಬದಲಾಗಬೇಕು, ಹಾಗೆ ಬದಲಾಗುವುದು ಕಡಿಮೆ. ಸಹಕಾರ ಸಂಘದಲ್ಲಿ ಸಾಲದ ನಮೂದು ಯಾರ ಕೈಯಿಂದ ಆಯಿತೆಂದು ಮುಂದೊಂದು ದಿನ ಪ್ರಶ್ನೆ ಬಂದರೆ, ಒಂದೇ ಖಾತೆ ಇದ್ದಲ್ಲಿ ಉತ್ತರವೂ ಸಿಗದು. ಒಬ್ಬರಿಗೆ ಒಂದು ಖಾತೆ ಎಂಬುದನ್ನು ನಾನು ಗಡುವಿನ ಪ್ರಶ್ನೆಗಿಂತ ದೊಡ್ಡದಾಗಿ ಕಾಣುತ್ತೇನೆ.

ಯಾರೂ ಕೂತು ಬಳಸದ ಖಾತೆಗಳೂ ಇರುತ್ತವೆ. ಜೆರಾಕ್ಸ್ ಯಂತ್ರ ಸ್ಕ್ಯಾನ್ ಮಾಡಿದ್ದನ್ನು ಕಂಪ್ಯೂಟರಿನ ಫೋಲ್ಡರಿಗೆ ಹಾಕಲು, ರಾತ್ರಿ ಹೊತ್ತು ಟ್ಯಾಲಿ ಬ್ಯಾಕಪ್ ತೆಗೆಯಲು ಒಂದು ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಗಡುವು ತೀರಿದಾಗ ಅವಕ್ಕೆ ಎಚ್ಚರಿಕೆ ಓದುವ ಕಣ್ಣಿಲ್ಲ. ಸ್ಕ್ಯಾನ್ ನಿಂತರೆ ಕೂಡಲೇ ತಿಳಿಯುತ್ತದೆ, ಬ್ಯಾಕಪ್ ನಿಂತದ್ದು ತಿಳಿಯುವುದು ಹಾರ್ಡ್ ಡಿಸ್ಕ್ ಹೋದ ದಿನ. ಇಂಥ ಖಾತೆಗಳಿಗೆ ತುಂಬ ಉದ್ದದ ಪಾಸ್‌ವರ್ಡ್ ಕೊಟ್ಟು, ಎಂದೂ ತೀರದಂತೆ ಟಿಕ್ ಹಾಕಿ, ಆ ಒಂದು ಫೋಲ್ಡರ್ ಬಿಟ್ಟು ಬೇರೆಲ್ಲೂ ಹಕ್ಕು ಇಲ್ಲದಂತೆ ಮಾಡಬೇಕು. ಅಡ್ಮಿನ್ ಖಾತೆಯನ್ನೇ ಇದಕ್ಕೆ ಬಳಸುವ ರೂಢಿ ಬಿಡಬೇಕು.

ಇನ್ನು ನಿಜವಾಗಿ ಬದಲಿಸಬೇಕಾದ ದಿನದ ಮಾತು. ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿದೆ ಎಂಬ ಅನುಮಾನ ಬಂದರೆ, ನಿಮ್ಮ ಹೆಸರಿನಲ್ಲಿ ಯಾರಿಗೋ ಮೇಲ್ ಹೋಗಿದ್ದರೆ, ಟ್ರಾಯ್ ಹಂಟ್ ನಡೆಸುವ ಹ್ಯಾವ್ ಐ ಬೀನ್ ಪೋನ್ಡ್ ತಾಣದಲ್ಲಿ ನಿಮ್ಮ ಮೇಲ್ ವಿಳಾಸ ಹೊಸ ಸೋರಿಕೆಯೊಂದರಲ್ಲಿ ಕಂಡರೆ, ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟರೆ, ಗಡುವು ಎಷ್ಟೇ ಉಳಿದಿರಲಿ ಅಂದೇ ಬದಲಿಸಿ. ಅನುಮಾನವಿರುವ ಯಂತ್ರದಲ್ಲೇ ಕೂತು ಬದಲಿಸಬೇಡಿ, ಬೇರೆ ಫೋನ್ ಅಥವಾ ಕಂಪ್ಯೂಟರ್ ಬಳಸಿ. ಮೇಲ್ ಖಾತೆಯದು ಮೊದಲು, ಏಕೆಂದರೆ ಉಳಿದೆಲ್ಲ ಖಾತೆಗಳ ರೀಸೆಟ್ ಕೊಂಡಿ ಬರುವುದು ಅಲ್ಲಿಗೆ. ಬಳಿಕ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆ ಒತ್ತಿ. ಪಾಸ್‌ವರ್ಡ್ ಬದಲಾದರೂ ಕಳ್ಳ ಆಗಲೇ ಒಳಗೆ ಕೂತಿದ್ದರೆ ಕೆಲವು ಕಡೆ ಕೂತೇ ಇರಬಲ್ಲ. ಮೇಲ್ ಸೆಟ್ಟಿಂಗಿನಲ್ಲಿ ಫಾರ್ವರ್ಡಿಂಗ್ ಎಂಬಲ್ಲಿ ಗೊತ್ತಿಲ್ಲದ ವಿಳಾಸ ಸೇರಿದೆಯೇ ಎಂದೂ ನೋಡಿ. ಹಣ ಹೋಗಿದ್ದರೆ ಇದಾವುದಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.